ಮೆಟ್ರಿಯ ಒಂದು ಹೊರೆ ಹಸಿಹುಲ್ಲು

ನಾನು ಪಶುವೈದ್ಯೆಯಾಗಿ ಸೇವೆಗೆ ಸೇರಿದ ಕಾಲಕ್ಕೆ ಮೇವಿನ ವಿಭಾಗವನ್ನು ಯಾರೂ ಕೇಳಿ ಪಡೆಯುತ್ತಿರಲಿಲ್ಲ. ಅಡ್ಡ ಸಿಕ್ಕ ಕರುವನ್ನು ತಿರುಗಿಸಿ ತೆಗೆದವರಿಗೆ ಊರಲ್ಲಿ ಹೆಸರು ಬರುತ್ತಿತ್ತು, ಮುರಿದ ಕೊಂಬು ಕಟ್ಟಿದವರಿಗೆ ಚಹಾ ಸಿಗುತ್ತಿತ್ತು. ನೆಡಲು ಹುಲ್ಲಿನ ಕಡ್ಡಿ ಹಂಚುವವರಿಗೆ ನಗು ಮಾತ್ರ ಸಿಗುತ್ತಿತ್ತು. ಕಂಪ್ಲಿಗೆ ಬಂದ ಹೊಸದರಲ್ಲಿ ಒಂದು ಊರಿನ ಕಟ್ಟೆಯ ಮೇಲೆ ನಿಂತು ಮೇವು ಬೆಳೆಯುವ ಬಗ್ಗೆ ನಾನು ಮಾತಾಡುತ್ತಿದ್ದಾಗ ಹಿರಿಯರೊಬ್ಬರು ಎದ್ದು ನಿಂತು, "ಅಲ್ರೀ ಡಾಕ್ಟ್ರಮ್ಮಾರ, ಹುಲ್ಲು ಬ್ಯಾಡ ಅಂದ್ರೂ ಬೆಳಿತೈತಿ. ಅದನ್ನ ಕಲಿಸಾಕ ಸರಕಾರ ನಿಮಗ ಪಗಾರ ಕೊಡ್ತೈತೇನು?" ಎಂದು ಕೇಳಿದ್ದರು. ಕಟ್ಟೆಯೆಲ್ಲ ನಕ್ಕಿತು. ನಾನೂ ನಕ್ಕೆ.

ಈಗ ಈ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರು ಫೋನ್ ಮಾಡಿ ಕೇಳುತ್ತಾರೆ: ಮೇಡಂ, ಫೀಲ್ಡ್ ಕೆಲಸ ನಿಜವಾಗಿ ಹೇಗಿರುತ್ತದೆ? ಬಡ್ತಿ, ವರ್ಗಾವಣೆಗಳ ವಿಷಯ ಅವರಿಗೆ ಬೇರೆಯವರು ಹೇಳುತ್ತಾರೆ. ನಾನು ಹುಲ್ಲಿನ ವಿಷಯ ಹೇಳುತ್ತೇನೆ. ನನಗೆ ಕೆಲಸ ಕಲಿಸಿದ್ದು ಅದೇ.

ಕಂಪ್ಲಿಯ ಸುತ್ತ ಕಾಲುವೆ ನೀರಾವರಿ. ಕಣ್ಣು ಹಾಯಿಸಿದಷ್ಟೂ ನೆಲ್ಲು, ನೆಲ್ಲು ಬಿಟ್ಟರೆ ಕಬ್ಬು. ಇಷ್ಟು ಹಸಿರಿನ ನಡುವೆ ದನಗಳ ಪಕ್ಕೆಲುಬು ಏಕೆ ಕಾಣುತ್ತವೆ ಎಂಬುದು ನನಗೆ ಬಹಳ ದಿನ ಅರ್ಥವಾಗಲಿಲ್ಲ. ಆಕಳು ಬೆದೆಗೆ ಬರುತ್ತಿಲ್ಲ ಎನ್ನುತ್ತಾರೆ, ಚುಚ್ಚುಮದ್ದು ಕೊಡುತ್ತೇನೆ. ಹಾಲು ಇಳಿದಿದೆ ಎನ್ನುತ್ತಾರೆ, ಟಾನಿಕ್ ಬರೆಯುತ್ತೇನೆ. ಕಡೆಗೆ ಒಂದು ದಿನ ಮದ್ದಿನ ಚೀಲ ಕೆಳಗಿಟ್ಟು, ದನಕ್ಕೆ ಮೇವು ಹಾಕುವ ಗ್ವಾದಲಿಯೊಳಗೆ ಇಣುಕಿದೆ. ಒಣಗಿದ ನೆಲ್ಲುಹುಲ್ಲು ಬಿಟ್ಟರೆ ಬೇರೇನೂ ಇರಲಿಲ್ಲ. ನೀರಾವರಿ ಹೊಲದಲ್ಲಿ ಒಂದು ಅಂಗೈ ಜಾಗವನ್ನೂ ಯಾರೂ ದನಕ್ಕೆಂದು ಬಿಟ್ಟಿರಲಿಲ್ಲ. ಹೊಟ್ಟೆ ತುಂಬುತ್ತಿತ್ತು, ಮೈಗೆ ಹತ್ತುತ್ತಿರಲಿಲ್ಲ. ನಾನು ಬರೆಯುತ್ತಿದ್ದ ಔಷಧಿಗಳಲ್ಲಿ ಅರ್ಧದಷ್ಟು ಹಸಿ ಮೇವಿನ ಬದಲಿಗೆ ಬರೆದವು.

ಆ ಹೊತ್ತಿಗೆ ನಮ್ಮ ಮೇಲಧಿಕಾರಿಯಾಗಿ ಹೊಸಪೇಟೆಯಲ್ಲಿ ಇದ್ದವರು ಶೇಷಗಿರಿ ಸಾಹೇಬರು. ಅಲ್ಲಿಯದೇ ಹಳೆಯ ವೈಷ್ಣವ ಮನೆತನದವರು. ಹಣೆಯ ಮೇಲೆ ನಾಮ, ಕಂಕುಳಲ್ಲಿ ಫೈಲು, ಕಾಲಿಗೆ ಗದ್ದೆಯ ಕೆಸರು, ಈ ಮೂರೂ ಒಟ್ಟಿಗೆ ಇರುತ್ತಿದ್ದವು. ಮೇವೆಂದರೆ ಅವರಿಗೆ ಪ್ರಾಣ. ನೇಪಿಯರ್ ಎಂಬ ಎತ್ತರದ ಹುಲ್ಲನ್ನು ನಮ್ಮ ಭಾಗದ ಹೊಲಗಳಿಗೆ ತಂದು ನೆಡಿಸಿದ್ದು ಅವರೇ. ಹುಲ್ಲು ಎಷ್ಟು ಎತ್ತರವೋ ಯಶಸ್ಸು ಅಷ್ಟು ಎಂಬುದು ಅವರ ಲೆಕ್ಕ. ಸಾಲಿನ ನಡುವೆ ನಿಂತು ಕೈ ಮೇಲೆತ್ತಿ, "ಫೋಟೋ ತೆಗೀರಿ ಡಾಕ್ಟರಮ್ಮ, ನನ್ನ ಕೈ ಕಾಣಬಾರದು ನೋಡ್ರಿ!" ಎನ್ನುತ್ತಿದ್ದರು. ಎತ್ತರ ಬರಬೇಕೆಂದರೆ ಯೂರಿಯಾ ಬೇಕು. ನಮ್ಮ ಕಡೆ ರಾಸಾಯನಿಕ ಗೊಬ್ಬರಕ್ಕೆ ಜನ 'ಸರಕಾರಿ ಗೊಬ್ಬರ' ಎನ್ನುತ್ತಾರೆ. ಸಾಹೇಬರ ಬಾಯಿಂದ ಬಂದ ಮೇಲೆ ಅದು ನಿಜವಾಗಿಯೂ ಸರಕಾರಿ ಆಯಿತು. ಪ್ರತಿ ಕೊಯ್ಲಿನ ಬೆನ್ನಿಗೂ ಯೂರಿಯಾ ಚೆಲ್ಲಬೇಕು ಎಂಬುದೇ ನಾವೆಲ್ಲ ಊರೂರಿಗೆ ಹೋಗಿ ಒಪ್ಪಿಸುತ್ತಿದ್ದ ಪಾಠವಾಗಿತ್ತು.

ಸಾಹೇಬರ ಅಚ್ಚುಮೆಚ್ಚಿನ ರೈತ ಕಂಪ್ಲಿ ಪಕ್ಕದ ಮೆಟ್ರಿ ಊರಿನ ಶರಣಪ್ಪ. ಉತ್ಸಾಹಿ, ಹೇಳಿದ್ದನ್ನು ನಾಳೆ ಎನ್ನದೆ ಮಾಡುವವನು, ಸ್ವಲ್ಪ ಮುಂಗೋಪಿ. ಹಿತ್ತಲಲ್ಲಿ ಜರ್ಸಿ ಆಕಳುಗಳನ್ನು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದ. ಅವನ ಅತ್ತಿಗೆ ಈರಮ್ಮ ಅದೇ ಹಿತ್ತಲಿನ ಇನ್ನೊಂದು ಬದಿಗೆ ತನ್ನ ಆಕಳುಗಳನ್ನು ಕಟ್ಟಿಕೊಂಡಿದ್ದಳು. ಅವಳ ಗಂಡ ಸಂಡೂರಿನ ಗಣಿಗಳಲ್ಲಿ ಅದಿರಿನ ಲಾರಿ ಓಡಿಸುತ್ತಿದ್ದ, ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಕೆಂಪು ಧೂಳು ಮೆತ್ತಿಕೊಂಡು ಮನೆಗೆ ಬರುತ್ತಿದ್ದ. ಹೊಲ ಇಬ್ಬರಿಗೂ ಸೇರಿದ್ದು, ನೇಪಿಯರ್ ಹುಲ್ಲಿನ ಮಡಿ ಮಾತ್ರ ಶರಣಪ್ಪನ ಉಸ್ತುವಾರಿ. ಪಕ್ಕದ ಹೊಲ ಹುಲುಗಪ್ಪನದು. ವಯಸ್ಸಾದವನು, ಮಿತಭಾಷಿ, ಒಂದೇ ಎಮ್ಮೆ. ಕಾಲುವೆ ನೀರಿನ ಸರದಿಯ ಬಗ್ಗೆ ಅವನಿಗೂ ಶರಣಪ್ಪನಿಗೂ ಹಿಂದೆ ಮಾತಿಗೆ ಮಾತು ಬೆಳೆದಿತ್ತು. ನೀರಾವರಿ ಊರುಗಳಲ್ಲಿ ಆ ಜಗಳ ಇಲ್ಲದ ಬದು ಇಲ್ಲ.

ಆ ವರ್ಷ ಮಳೆ ತಡವಾಯಿತು, ಕಾಲುವೆಗೆ ನೀರೂ ತಡವಾಗಿ ಬಿಟ್ಟರು. ಶರಣಪ್ಪನ ಹುಲ್ಲು ಬಾಡಿ ನಿಂತಿತ್ತು. ಅದೇ ಮಡಿಯಲ್ಲಿ ಕ್ಷೇತ್ರೋತ್ಸವ ಮಾಡುವುದೆಂದು ಸಾಹೇಬರು ನಿಶ್ಚಯಿಸಿಬಿಟ್ಟಿದ್ದರು. ಬೇರೆ ತಾಲ್ಲೂಕಿನ ರೈತರೆಲ್ಲ ನೋಡಲು ಬರುವವರಿದ್ದರು. ಎತ್ತರ ಬರಲೇಬೇಕು. ಶರಣಪ್ಪ ಯೂರಿಯಾ ಸುರಿದ, ಸಾಲದೆಂದು ಮತ್ತೆ ಸುರಿದ. ಆಮೇಲೆ ಒಂದು ಹನಿಮಳೆ ಬಿತ್ತು, ಮೋಡ ಕವಿದು ಬಿಸಿಲೇ ಬೀಳದ ದಿನಗಳು ಬಂದವು. ಹುಲ್ಲು ಕಪ್ಪುಹಸಿರಾಗಿ ಎದ್ದಿತು. ನೋಡಿದವರು ಮಸ್ತ್ ಎಂದರು.

ಆ ಮೋಡದ ದಿನಗಳಲ್ಲೊಂದು ದಿನ ಈರಮ್ಮ ಕಮಲಾಪುರದ ತವರಿಗೆ ಹೋಗಿದ್ದಳು. ತನ್ನ ಆಕಳುಗಳಿಗೂ ಮೇವು ಹಾಕೆಂದು ಮೈದುನನಿಗೆ ಹೇಳಿದ್ದಳು. ಹಿಂದಿನ ದಿನ ನೆಲ್ಲುಹುಲ್ಲು ಮುಗಿದು ದನಗಳು ಹಸಿದಿದ್ದವು. ಬೆಳಿಗ್ಗೆ ಶರಣಪ್ಪ ಆ ಮಡಿಯ ಹುಲ್ಲು ಕೊಯ್ದು ಗ್ವಾದಲಿ ತುಂಬ ಹಾಕಿದ. ಅವು ಬಕಬಕನೆ ತಿಂದವು.

ನನಗೆ ಫೋನು ಬಂದಾಗ ಕಂಪ್ಲಿಯ ಆಸ್ಪತ್ರೆಯಲ್ಲಿದ್ದೆ. "ಅಮ್ಮಾರ, ಜಲ್ದಿ ಬರ್ರಿ, ಆಕಳು ಸಾಯಾಕ ಹತ್ಯಾವ" ಎಂದ ಶರಣಪ್ಪ. ಅವನ ದನಿ ಗುರುತೇ ಸಿಗಲಿಲ್ಲ. ನಾನು ಹೋಗುವಷ್ಟರಲ್ಲಿ ಒಂದು ಆಕಳು ಸತ್ತಿತ್ತು. ಅದು ಈರಮ್ಮನ ಗೌರಿ, ತುಂಬು ಗಬ್ಬದ ಆಕಳು. ಇನ್ನುಳಿದವು ಬಾಯಿ ತೆರೆದು ಏದುಸಿರು ಬಿಡುತ್ತ, ಕಾಲು ನಡುಗಿಸುತ್ತ ನಿಂತಿದ್ದವು, ಒಂದೆರಡು ಕುಸಿದಿದ್ದವು. ಹೊಲಕ್ಕೆ ಹೊಡೆಯುವ ಕೀಟನಾಶಕವೇನಾದರೂ ಹೊಟ್ಟೆ ಸೇರಿರಬಹುದೆಂದು ಮೊದಲು ಅದನ್ನೇ ನೋಡಿದೆ. ಆ ವಿಷವಾದರೆ ಜೊಲ್ಲು ಸುರಿಯುತ್ತದೆ, ಕಣ್ಣಿನ ಪಾಪೆ ಸೂಜಿಮೊನೆಯಂತೆ ಕುಗ್ಗುತ್ತದೆ. ಇಲ್ಲಿ ಎರಡೂ ಇರಲಿಲ್ಲ. ತುಟಿ ಮೇಲೆತ್ತಿ ನೋಡಿದರೆ ವಸಡು ಕಂದುಬಣ್ಣಕ್ಕೆ ತಿರುಗಿತ್ತು. ಸೂಜಿ ಹಾಕಿ ರಕ್ತ ತೆಗೆದೆ. ಕಾಫಿಯ ಡಿಕಾಕ್ಷನ್ನಿನ ಬಣ್ಣ.

ಪುಸ್ತಕದಲ್ಲಿ ಓದಿದ್ದನ್ನು ಮೊದಲ ಬಾರಿ ಕಣ್ಣಾರೆ ನೋಡುತ್ತಿದ್ದೆ. ಹುಲ್ಲು ತಾನು ಜೀರ್ಣಿಸಿಕೊಳ್ಳಲಾರದಷ್ಟು ಯೂರಿಯಾ ಹೀರಿದಾಗ, ಅದರಲ್ಲೂ ಬರ ಮತ್ತು ಮೋಡದ ದಿನಗಳಲ್ಲಿ, ನೈಟ್ರೇಟ್ ಎಂಬ ಅಂಶ ದಂಟಿನಲ್ಲಿ ಕೂಡಿಕೊಳ್ಳುತ್ತದೆ. ಹಸಿದ ದನ ಅದನ್ನೇ ಹೊಟ್ಟೆ ತುಂಬ ತಿಂದರೆ ರಕ್ತ ಉಸಿರು ಹೊರುವ ಶಕ್ತಿ ಕಳೆದುಕೊಳ್ಳುತ್ತದೆ. ಗಾಳಿ ಸುತ್ತಲೂ ಇದ್ದರೂ ದನ ಉಸಿರುಗಟ್ಟಿ ಸಾಯುತ್ತದೆ. ಇದಕ್ಕೆ ಮದ್ದು ಮಿಥಿಲೀನ್ ಬ್ಲೂ ಎಂಬ ನೀಲಿ ದ್ರವ. ನನ್ನ ಚೀಲದಲ್ಲಿ ಅದು ಇರಲಿಲ್ಲ. ಸಾಹೇಬರಿಗೆ ಫೋನ್ ಮಾಡಿ ಹೇಳಿದೆ. ಹುಲ್ಲನ್ನು ಪರೀಕ್ಷೆ ಮಾಡುವ ರಾಸಾಯನಿಕವನ್ನೂ ಲ್ಯಾಬಿನಿಂದ ತರಲು ಕೇಳಿದೆ. "ಬರ್ತೀನಿ" ಎಂದಷ್ಟೇ ಅಂದರು.

ಗ್ವಾದಲಿಯಲ್ಲಿ ಉಳಿದ ಹುಲ್ಲನ್ನೆಲ್ಲ ತೆಗೆಸಿದೆ. ದನಗಳನ್ನು ಎಬ್ಬಿಸಬಾರದು, ಓಡಿಸಬಾರದು ಎಂದೆ. ಕೈಯಲ್ಲಿದ್ದ ವಿಟಮಿನ್ ಸಿ ಚುಚ್ಚುಮದ್ದು ಕೊಟ್ಟೆ. ಅದು ಸಾಲದೆಂದು ಗೊತ್ತಿದ್ದರೂ ಸುಮ್ಮನೆ ನಿಲ್ಲಲು ಆಗಲಿಲ್ಲ. ನನ್ನ ಕಣ್ಣೆದುರೇ ಶರಣಪ್ಪನ ಆಕಳೊಂದು ಹೋಯಿತು. ಅವನು ಅದರ ಕತ್ತು ತಬ್ಬಿ ಕೂತವನು ಇದ್ದಕ್ಕಿದ್ದಂತೆ ಎದ್ದು ಹೊರಗೆ ನಡೆದ. ಜನ ಕೂಡಿದ್ದರು. ಯಾರೋ ಒಬ್ಬರು, ಯಾರೆಂದು ಕೊನೆಗೂ ತಿಳಿಯಲಿಲ್ಲ, ಹಿಂದಿನ ದಿನ ಹುಲುಗಪ್ಪ ಆ ಮಡಿಯ ಬದುವಿನ ಮೇಲೆ ನಿಂತಿದ್ದನ್ನು ನೋಡಿದೆ ಎಂದುಬಿಟ್ಟಿದ್ದರು. ಹುಲುಗಪ್ಪನೂ ಸುದ್ದಿ ಕೇಳಿ ನೋಡಲು ಬಂದಿದ್ದ. ಶರಣಪ್ಪ ಹೋಗಿ ಅವನ ಅಂಗಿ ಹಿಡಿದ.

"ಲೇ ಹುಲುಗ, ನೀರಿನ ಸಿಟ್ಟು ಮೂಕ ಜೀವದ ಮ್ಯಾಲೆ ತೀರಿಸಿದೇನಲೇ? ಹುಲ್ಲಿಗೆ ಏನ್ ಹೊಡದಿ ಹೇಳು!"

"ನಾ ನೀರು ಬಂತೋ ಇಲ್ಲೋ ನೋಡಾಕ ನಿಂತಿದ್ನೆಪ್ಪ" ಎಂದ ಹುಲುಗಪ್ಪ. ಅವನ ದನಿ ಮೇಲೇಳಲೇ ಇಲ್ಲ. ಅಂಗಿಯ ಗುಂಡಿ ಕಿತ್ತುಬಂದಿತು. ಪೊಲೀಸರನ್ನು ಕರೆಯೋಣ ಎಂದರು ಕೆಲವರು. ಪೊಲೀಸರು ಯಾಕೆ, ನಾವೇ ಕೇಳೋಣ ಎಂದರು ಇನ್ನು ಕೆಲವರು. ನಾನು ನಡುವೆ ಹೋಗಿ, ಇದು ಯಾರೋ ಹಾಕಿದ ವಿಷವಲ್ಲ, ಹುಲ್ಲಿನದೇ ದೋಷ ಎಂದೆ. ಶರಣಪ್ಪ ನನ್ನತ್ತ ತಿರುಗಿದ. "ಇಡೀ ತಾಲೂಕಿಗೆ ತೋರಿಸಾ ಹುಲ್ಲು ಅದು! ನೀವ ಬಂದು ನಿಂತು ಹಾಕಿಸಿದ ಹುಲ್ಲು! ಅದು ಹೆಂಗ ವಿಷ ಆಕ್ಕೈತ್ರಿ?" ಜನ ಅವನ ಮಾತನ್ನೇ ನಂಬಿದರು. ನಾನು ಇಲಾಖೆಯವಳು, ಹುಲುಗಪ್ಪನನ್ನು ಉಳಿಸಲು ಏನೋ ಹೇಳುತ್ತಿದ್ದೇನೆ ಎಂದುಕೊಂಡರು.

ಅಷ್ಟರಲ್ಲಿ ಜೀಪು ಬಂತು. ಸಾಹೇಬರು ಇಳಿದರು. ನೇರ ದನಗಳ ಬಳಿ ಬಂದರು. ಇಬ್ಬರೂ ಸೇರಿ ಉಳಿದ ಆಕಳುಗಳ ರಕ್ತನಾಳಕ್ಕೆ ನೀಲಿ ಮದ್ದು ಇಳಿಸಿದೆವು. ಆ ಮದ್ದಿನ ಗುಣ ನೋಡಿದವರಿಗೇ ಗೊತ್ತು. ಸ್ವಲ್ಪ ಹೊತ್ತಿಗೆ ಏದುಸಿರು ಇಳಿಯಿತು, ಕುಸಿದ ಆಕಳು ಕಿವಿ ಆಡಿಸಿತು, ಆಮೇಲೆ ತಾನೇ ಎದ್ದು ನಿಂತು ಹಸಿರುನೀಲಿ ಬಣ್ಣದ ಉಚ್ಚೆ ಹೊಯ್ದಿತು. ಅಷ್ಟು ದುಃಖದ ನಡುವೆಯೂ ಒಂದಿಬ್ಬರು ನಕ್ಕರು.

ಆಮೇಲೆ ಸಾಹೇಬರು ಅಂಗಳಕ್ಕೆ ಬಂದರು. ಶರಣಪ್ಪನ ಮಡಿಯಿಂದ ಒಂದು ದಂಟು, ಗೊಬ್ಬರ ಕಾಣದ ಬದುವಿನಿಂದ ಒಂದು ದಂಟು ತರಿಸಿದರು. ಎರಡನ್ನೂ ಸೀಳಿ ಒಂದು ಹಲಗೆಯ ಮೇಲಿಟ್ಟು, ತಂದಿದ್ದ ಸೀಸೆಯಿಂದ ಒಂದೊಂದು ಹನಿ ಬಿಟ್ಟರು. ಬದುವಿನ ದಂಟು ಹಾಗೇ ಉಳಿಯಿತು. ಮಡಿಯ ದಂಟು ಶಾಯಿ ಚೆಲ್ಲಿದಂತೆ ಕಡುನೀಲಿಯಾಯಿತು.

"ಯೂರಿಯಾ ಇಷ್ಟು ಕೂತೈತಿ ಇದರಾಗ" ಎಂದರು. "ಹುಲುಗಪ್ಪನ್ನ ಬಿಡ್ರಿ. ವಿಷ ಹೊರಗಿಂದ ಬಂದಿಲ್ಲ. ಎತ್ತರ ಬರ್ಲಿ, ಇನ್ನೂ ಎತ್ತರ ಬರ್ಲಿ ಅಂತ ಶರಣಪ್ಪನ ಬೆನ್ನು ಹತ್ತಿದಾಂವ ನಾನು. ಕೇಳೂದಿದ್ರ ನನ್ನ ಕೇಳ್ರಿ."

ಅಧಿಕಾರಿಯೊಬ್ಬರು ಹಾಗೆ ಹೇಳುವುದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಆ ಮಾತು ಅವರ ಮೇಲೆಯೇ ತಿರುಗಬಹುದಿತ್ತು. ತಿರುಗಿತು ಕೂಡ. ಇಲಾಖೆ ವಿವರಣೆ ಕೇಳಿತು, ಅವರು ಇದ್ದದ್ದನ್ನೇ ಬರೆದುಕೊಟ್ಟರು. ಆದರೆ ಆ ಸಂಜೆ ಒಬ್ಬ ಮುದುಕ ಪೆಟ್ಟು ತಿನ್ನದೆ ಮನೆಗೆ ನಡೆದುಹೋದ. ಶರಣಪ್ಪ ತಲೆ ತಗ್ಗಿಸಿ ನಿಂತಿದ್ದ. ಕ್ಷಮಿಸು ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಹುಲುಗಪ್ಪ ಕಾಯಲೂ ಇಲ್ಲ.

ಈರಮ್ಮ ಮರುದಿನ ಬಂದಳು. ಗೌರಿ ಇದ್ದ ಗೂಟದ ಬಳಿ ಕೂತು ಅತ್ತಳು. ಮೈದುನನಿಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ.

ಕ್ಷೇತ್ರೋತ್ಸವ ರದ್ದಾಯಿತು. ಕೆಲವು ವಾರಗಳ ಮೇಲೆ ಸಾಹೇಬರು, "ಬರ್ರಿ ಡಾಕ್ಟರಮ್ಮ, ಒಂದು ಕಡೆ ಹೋಗಿ ಬರೂಣು" ಎಂದು ನನ್ನನ್ನು ಸಂಡೂರಿನ ಕಡೆಗೆ ಕರೆದೊಯ್ದರು. ಗಣಿಗಳ ಕೆಂಪು ಧೂಳಿನ ದಾರಿ ದಾಟಿ, ಅಗೆಯದ ಒಂದು ಗುಡ್ಡದ ಇಳಿಜಾರಿಗೆ ಬಂದೆವು. ಮಳೆ ಬಿದ್ದು, ತಾನಾಗಿ ಬೆಳೆಯುವ ಕರಡದ ಹುಲ್ಲು ಮೊಣಕಾಲೆತ್ತರ ನಿಂತಿತ್ತು. ದನಗಳು ನೆಮ್ಮದಿಯಿಂದ ಮೇಯುತ್ತಿದ್ದವು. ಸಾಹೇಬರು ಮೊಣಕಾಲೂರಿ ಕೂತು, ಹುಲ್ಲಿನ ಬುಡಕ್ಕೆ ಹಬ್ಬಿದ್ದ ಕಾಡುಹುರುಳಿಯಂಥ ಒಂದು ಬಳ್ಳಿಯನ್ನು ಬೇರುಸಹಿತ ಎತ್ತಿದರು. ಬೇರಿನ ತುಂಬ ಸಾಸಿವೆಯಂಥ ಗಂಟುಗಳು. ಒಂದನ್ನು ಉಗುರಲ್ಲಿ ಒಡೆದು ತೋರಿಸಿದರು. ಒಳಗೆ ನಸುಗೆಂಪು.

"ಯೂರಿಯಾದಾಗ ಇರೂ ಸಾರಜನಕನ್ನ ಗಾಳಿಯಿಂದನ ಹಿಡದು ಇಡೂ ಗಂಟು ಇವು. ಇದನ್ನ ನಾ ಪರೀಕ್ಷಾಕ್ಕ ಬರದು ಪಾಸಾಗಿದ್ದೆ. ನೌಕರಿಗೆ ಬಂದ ಮ್ಯಾಲೆ ಟಾರ್ಗೆಟ್ ಬಂತು, ಇದು ಮರತುಹೋತು" ಎಂದರು. "ಈ ಗುಡ್ಡಕ್ಕ ಯಾರು ಚೀಲ ಹೊತ್ತು ತಂದು ಹಾಕ್ಯಾರ? ಹುಲ್ಲಿನ ಜೋಡಿ ದ್ವಿದಳ, ಮ್ಯಾಲೆ ದನದ ಸಗಣಿ. ಅಷ್ಟ."

"ಸರ್, ಗುಡ್ಡದ ಹುಲ್ಲು ಮೊಣಕಾಲಿನಷ್ಟೇ ಇದೆ. ಡೈರಿ ಆಕಳಿಗೆ ಇದು ಸಾಲುತ್ತದೆಯೇ?" ಎಂದೆ.

"ಸಾಲೂದಿಲ್ಲ. ಹಂಗಂತ ಹಳೇ ದಾರಿಗೂ ಹೋಗೂದಿಲ್ಲ. ನಡುವಿನ ದಾರಿ ಹುಡುಕೂಣು. ಜನ ಇನ್ನ ನಮ್ಮ ಮಾತು ಕೇಳಿದ್ರ."

ಜನ ಕೇಳಲಿಲ್ಲ. ಶರಣಪ್ಪನಂತೂ ಹುಲ್ಲಿನ ಮಡಿಯನ್ನು ಉತ್ತುಹಾಕಿ ನೆಲ್ಲು ಹಚ್ಚಲು ಟ್ರ್ಯಾಕ್ಟರ್ ಹೇಳಿಬಿಟ್ಟಿದ್ದ. ತಡೆದವಳು ಈರಮ್ಮ. ನಾನು ಹೋದಾಗ ಅವಳು ಮಡಿಯ ನಡುವೆ ನಿಂತಿದ್ದಳು, ಟ್ರ್ಯಾಕ್ಟರಿನವನು ಎಂಜಿನ್ ಆರಿಸಿ ಬೀಡಿ ಹಚ್ಚಿದ್ದ.

"ಹುಲ್ಲು ಏನ್ ಪಾಪ ಮಾಡೈತಿ ಶರಣಾ? ಉಣಿಸಿದ್ದು ಉಂಡೈತಿ. ನನ್ನ ಪಾಲಿನ ಅರ್ಧ ನನಗ ಬಿಡು."

"ಗೌರಿನ್ನ ತಿಂದ ಹುಲ್ಲು ಅತ್ತಿಗಿ ಇದು."

"ಗೌರಿ ನನ್ನ ಆಕಳು. ನಾ ಬಿಡು ಅಂತೀನಿ."

ಅವನು ತನ್ನ ಅರ್ಧ ಉತ್ತ. ಅವಳ ಅರ್ಧ ಉಳಿಯಿತು. ನಮ್ಮ ಕೆಲಸ ಅಲ್ಲಿ ಹೊಸದಾಗಿ ಶುರುವಾಯಿತು.

ಮಾಡಿದ್ದೇನು ಎಂದು ಕಿರಿಯರು ಕೇಳಿದರೆ ಹೇಳಲು ದೊಡ್ಡದೇನಿಲ್ಲ. ಮಣ್ಣು ಪರೀಕ್ಷೆ ಮಾಡಿಸಿದೆವು. ಅಷ್ಟು ದಿನ ಸುರಿದದ್ದರಲ್ಲಿ ಎಷ್ಟೋ ಮಣ್ಣಲ್ಲೇ ಕೂತಿತ್ತು, ಇನ್ನೆಷ್ಟೋ ನೀರಿನೊಡನೆ ಹರಿದುಹೋಗಿತ್ತು. ಮೊದಲ ಹಂಗಾಮಿಗೆ ಯೂರಿಯಾ ಪೂರ್ತಿ ನಿಲ್ಲಿಸಿದೆವು. ಈರಮ್ಮನ ಕೊಟ್ಟಿಗೆ ತೊಳೆದ ನೀರು, ಗಂಜಲ ಸಹಿತ, ಅಷ್ಟು ಕಾಲ ಬೀದಿಗೆ ಹರಿಯುತ್ತಿತ್ತು. ಅದಕ್ಕೊಂದು ಕಿರುಗಾಲುವೆ ತೋಡಿ ಹುಲ್ಲಿನ ಸಾಲಿಗೆ ತಿರುಗಿಸಿದೆವು. ಸಾಲುಗಳ ನಡುವೆ ಅಲಸಂದಿ ಬಿತ್ತಿದೆವು, ಅಂಚಿಗೆ ಬೇಲಿಮೆಂತ್ಯ ಎಂಬ ಪೊದೆಗಿಡ ಹಚ್ಚಿದೆವು. ದನಕ್ಕೆ ಪ್ರಿಯವಾದ ಸೊಪ್ಪು ಅದು. ಅದರ ಬೇರಲ್ಲೂ ಗಂಟುಗಳಿರುತ್ತವೆ. ಕಳಿತ ತಿಪ್ಪೆಗೊಬ್ಬರ ಹಾಕಿದೆವು. ನೆಲಕ್ಕೆ ತಾಗಿಸಿ ಬೋಳಿಸುವ ಬದಲು ಒಂದು ಗೇಣು ಬುಡ ಬಿಟ್ಟು ಕೊಯ್ಯಲು ಹೇಳಿದೆ. ಆ ಬುಡದಲ್ಲಿ ಮುಂದಿನ ಚಿಗುರಿಗೆ ಬುತ್ತಿ ಇರುತ್ತದೆ.

ಸುಳ್ಳು ಹೇಳಬಾರದು, ಮೊದಲ ಕೊಯ್ಲು ಬಡವಾಗಿತ್ತು. ಹುಲ್ಲು ಹಳದಿಗೆ ತಿರುಗಿ ಸೊಂಟದ ಮಟ್ಟಕ್ಕೆ ನಿಂತುಬಿಟ್ಟಿತು. ಹಾಲು ಹಾಕಲು ಹೋದಾಗ ಹೆಂಗಸರು, "ಈರಕ್ಕ, ನಿನ್ನ ಹುಲ್ಲಿಗೆ ಕಾಮಾಲೆ ಬಂದೈತೇನ?" ಎಂದು ಕೇಳುತ್ತಿದ್ದರು. ಅವಳು ನಗುತ್ತಿದ್ದಳು, ನನ್ನೆದುರು ಮಾತ್ರ ಮುಖ ಬಾಡಿಸುತ್ತಿದ್ದಳು. "ಅಮ್ಮಾರ, ಒಂದು ಮುಷ್ಟಿ ಯೂರಿಯಾ ಹಾಕಲೇನು?" ಎಂದು ಕೇಳಿದಳು. ನನಗೂ ಹೌದೆನ್ನುವ ಆಸೆಯಾಯಿತು. ತಾಳು ಎಂದೆ. ಆ ಮಾತು ಹೇಳಿ ಮನೆಗೆ ಬಂದು ನಾನೇ ತಾಳದೆ ಒದ್ದಾಡಿದೆ. ಕೊಂಡ ಗೊಬ್ಬರದ ರುಚಿ ಹತ್ತಿದ ಮಣ್ಣು ತನ್ನ ಕಾಲ ಮೇಲೆ ನಿಲ್ಲಲು ಸಮಯ ತೆಗೆದುಕೊಳ್ಳುತ್ತದೆ. ಬಡಹುಲ್ಲಿನ ಆ ದಿನಗಳಲ್ಲಿ ನಷ್ಟ ಆಗುವುದು ರೈತರಿಗೆ, ಸಂಬಳದವರಿಗಲ್ಲ. ಇದನ್ನು ಹೊಸಬರು ಮರೆಯಬಾರದು.

ಎರಡನೆಯ ಮಳೆಗಾಲಕ್ಕೆ ಬಣ್ಣ ತಿರುಗಿತು. ಮೊದಲಿನ ಕಪ್ಪುಹಸಿರಲ್ಲ, ಎಳೆ ಹಸಿರು. ಎತ್ತರ ಹಿಂದಿನದಕ್ಕಿಂತ ಕಡಿಮೆಯೇ. ಆದರೆ ಮೊದಲು ಆಕಳು ಎಲೆ ತಿಂದು ದಂಟು ಬಿಡುತ್ತಿದ್ದವು. ಈಗ ಗ್ವಾದಲಿ ನೆಕ್ಕಿದಂತೆ ಖಾಲಿಯಾಗುತ್ತಿತ್ತು. ಅಲಸಂದಿ ಬೆರೆತ ಮೇವಿಗೆ ಹಾಲು ನಿಧಾನವಾಗಿ ಏರಿತು. ಸಾಹೇಬರು ಬಂದರೆ ಮಡಿಗೆ ಹೋಗದೆ ಮೊದಲು ಗ್ವಾದಲಿಗೇ ಹೋಗಿ, ಏನು ಉಳಿದಿದೆ ಎಂದು ನೋಡುತ್ತಿದ್ದರು. ಕೈಯೆತ್ತಿ ಫೋಟೋ ತೆಗೆಸುವುದನ್ನು ಅವರು ಮತ್ತೆ ಮಾಡಲಿಲ್ಲ.

ಸರಕಾರಿ ಗೊಬ್ಬರ ವೈರಿಯೆಂದು ನಾವು ಎಂದೂ ಹೇಳಲಿಲ್ಲ. ಬೇಳೆ ಜಾತಿಯ ಗಿಡಗಳಿಗೆ ರಂಜಕ ಬೇಕಿತ್ತು, ಸ್ವಲ್ಪ ಕೊಟ್ಟೆವು. ಕೊಯ್ಲಿನ ನಂತರ ಎಲೆ ತೀರಾ ಬಿಳಚಿದರೆ ಒಂದಿಷ್ಟು ಯೂರಿಯಾವನ್ನೂ ಹಾಕಿದೆವು. ಎಷ್ಟು ಎಂದು ಕೇಳಿದವರಿಗೆ ಈರಮ್ಮನೇ ಹೇಳುತ್ತಿದ್ದಳು: "ಉಪ್ಪಿನಷ್ಟು ಹಾಕ್ರಿ, ಅನ್ನದಷ್ಟು ಬ್ಯಾಡ." ನನ್ನ ಭಾಷಣಗಳಿಗಿಂತ ಆ ಮಾತು ದೂರ ಹೋಯಿತು.

ಒಂದು ಪಾಠ ಊರಿಗೆ ಹೋದರೆ ಅದರ ಹಿಂದೆಯೇ ಇನ್ನೊಂದು ಎಡವಟ್ಟು ಬರುತ್ತದೆ. ಕಮಲಾಪುರದಲ್ಲಿ ಬಾಳೆ ಬೆಳೆಯುವ ಒಬ್ಬರು ದ್ವಿದಳ ಒಳ್ಳೆಯದೆಂದು ಕೇಳಿ, ಹುಲ್ಲನ್ನೇ ಬಿಟ್ಟು, ಮಂಜು ಆರದ ಎಳೆ ಅಲಸಂದಿಯನ್ನಷ್ಟೇ ಎಮ್ಮೆಗೆ ಹೊಟ್ಟೆ ತುಂಬ ತಿನ್ನಿಸಿದರು. ಎಡಹೊಟ್ಟೆ ನಗಾರಿಯಂತೆ ಉಬ್ಬಿತ್ತು. ಹಂಪಿಯ ದಾರಿಯಲ್ಲಿ ಪ್ರವಾಸಿಗರ ಬಸ್ಸುಗಳ ನಡುವೆ ಸಿಕ್ಕಿಕೊಂಡು ಒದ್ದಾಡಿ ನಾನು ತಲುಪಿದೆ. ಹೊಟ್ಟೆಗೆ ಟ್ರೋಕಾರ್ ಎಂಬ ಕೊಳವೆ ಚುಚ್ಚಿ ಗಾಳಿ ಬಿಟ್ಟ ಮೇಲೆ ಎಮ್ಮೆ ನಿಟ್ಟುಸಿರಿಟ್ಟಿತು. ಮನೆಯ ಯಜಮಾನರು, "ನೀವ ಅಲ್ಲೇನ್ರಿ ಭಾಳ ಚಲೋ ಅಂದಾಕಿ?" ಎಂದರು. ಚಲೋ ಎಂದವಳು, ಬೆರೆಸಿ ಹಾಕಿ ಎಂದೂ ಹೇಳಿದ್ದೆ. ಮೊದಲ ಅರ್ಧವನ್ನು ಮಾತ್ರ ಗಾಳಿ ಹೊತ್ತುಕೊಂಡು ಹೋಗಿತ್ತು. ಅಂದಿನಿಂದ ನಾನು ಯಾವುದೇ ಸಲಹೆಯನ್ನು ಎಚ್ಚರಿಕೆಯ ಮಾತಿನಿಂದಲೇ ಶುರುಮಾಡುತ್ತೇನೆ. ಹೊಗಳಿಕೆ ಆಮೇಲೆ.

ಶರಣಪ್ಪನ ಮನಸ್ಸು ತಿರುಗಿದ್ದು ಯಾವಾಗ ಎಂಬುದು ನನಗೆ ಗೊತ್ತಿಲ್ಲ. ಅತ್ತಿಗೆಯ ಮಡಿಯಿಂದ ಕಡ್ಡಿ ಕಿತ್ತು ತನ್ನ ನೆಲ್ಲಿನ ಗದ್ದೆಯ ಬದುವಿಗೆ ಹಚ್ಚುತ್ತಿದ್ದುದನ್ನು ಒಮ್ಮೆ ನೋಡಿದೆ. ನೋಡದವಳಂತೆ ಮುಂದೆ ಹೋದೆ. ಆಮೇಲೆ ಬದು ಹಿಗ್ಗಿ ಮಡಿಯಾಯಿತು. ಆದರೆ ಹುಲುಗಪ್ಪನೊಡನೆ ಮಾತು ಮಾತ್ರ ಇರಲಿಲ್ಲ. ಒಂದೇ ಬದುವಿನ ಎರಡು ಬದಿಗೆ ಕೆಲಸ ಮಾಡುತ್ತ ಇಬ್ಬರೂ ಬೆನ್ನು ತಿರುಗಿಸುತ್ತಿದ್ದರು. ಈರಮ್ಮ ಇಬ್ಬರಿಗೂ ಹೇಳಿ ಸೋತಿದ್ದಳು.

ಸಾಹೇಬರು ನಿವೃತ್ತರಾದ ಮೇಲಿನ ಒಂದು ಬೇಸಿಗೆ. ಕಾಲುವೆ ಬಂದ್ ಆಗಿತ್ತು, ಪ್ರತಿ ಬೇಸಿಗೆಯಂತೆ. ಆ ಸಲ ಅಕಾಲದ ಮಳೆಗೆ ಸಿಕ್ಕಿ ಬಣವೆಗಳು ಕೊಳೆತದ್ದರಿಂದ ನೆಲ್ಲುಹುಲ್ಲಿಗೂ ಬರ. ಈರಮ್ಮ, ಶರಣಪ್ಪರ ಹುಲ್ಲು ಆಳಕ್ಕೆ ಬೇರಿಳಿಸಿತ್ತು. ಕೊಟ್ಟಿಗೆಯ ನೀರಷ್ಟರಲ್ಲೇ ಹಸಿರು ಹಿಡಿದು ನಿಂತಿತ್ತು, ತೆಳ್ಳಗೆ, ಆದರೆ ಜೀವಂತವಾಗಿ. ಹುಲುಗಪ್ಪನ ಎಮ್ಮೆ ಈದು ಸೋತು ಮಲಗಿದೆ ಎಂದು ನನಗೆ ಹೇಳಿಕಳಿಸಿದರು. ಹೋಗಿ ಕ್ಯಾಲ್ಸಿಯಂ ಏರಿಸಿದೆ. ಎಮ್ಮೆ ಎದ್ದು ನಿಂತಿತು. ಗ್ವಾದಲಿಯಲ್ಲಿ ಮಾತ್ರ ಕಪ್ಪಗಾದ ಹುಲ್ಲಿನ ಚೂರುಗಳಷ್ಟೇ ಇದ್ದವು.

"ಹುಲುಗಪ್ಪ, ಹಸಿ ಮೇವು ಸಿಗದಿದ್ದರೆ ನನ್ನ ಔಷಧಿಯ ಗುಣ ನಾಲ್ಕು ದಿನಕ್ಕೆ ಮುಗಿಯುತ್ತದೆ. ಪಕ್ಕದ ಮಡಿಯಲ್ಲೇ ಹುಲ್ಲಿದೆ. ನಾನು ಕೇಳಲೇ?" ಎಂದೆ.

"ಬ್ಯಾಡ್ರಿ ಅಮ್ಮಾರ. ಆ ಹುಲ್ಲು ನಾ ಹಾಕೂದಿಲ್ಲ. ಅದು ತಿಂದು ನೆಲಕ್ಕ ಬಿದ್ದ ಆಕಳು ನಾ ನೋಡೀನಿ. ಇರಾದು ಇದೊಂದ ಎಮ್ಮಿ."

ನಾನು ಎಷ್ಟು ಹೇಳಿದರೂ ಅವನು ತಲೆಯಾಡಿಸಿದ. ಅವನದು ಹಟ ಮಾತ್ರವಾಗಿರಲಿಲ್ಲ, ಹೆದರಿಕೆಯಾಗಿತ್ತು. ಅದಕ್ಕೆ ಕಾರಣವೂ ಇತ್ತು. ನಾನು ಸೋತು ಹೊರಗೆ ಬಂದು, ದಾರಿಯಲ್ಲಿ ಸಿಕ್ಕ ಈರಮ್ಮನಿಗೆ ಹೇಳಿದೆ. ಅವಳು ನೇರ ಮನೆಯ ಕಡೆ ಹೋದಳು. ನಾನು ಹುಲುಗಪ್ಪನ ಅಂಗಳಕ್ಕೆ ಮರಳಿ ಇನ್ನೊಂದು ಬಾಟಲಿ ಏರಿಸುತ್ತ ಕೂತೆ.

ಸ್ವಲ್ಪ ಹೊತ್ತಿಗೆ ಶರಣಪ್ಪ ಬಂದ. ತಲೆಯ ಮೇಲೆ ಹಸಿಹುಲ್ಲಿನ ಹೊರೆ, ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ಅವನ ಎಲ್ಲಕ್ಕಿಂತ ಒಳ್ಳೆಯ ಆಕಳು. ಯಾರನ್ನೂ ನೋಡಲಿಲ್ಲ, ಯಾರನ್ನೂ ಕೇಳಲಿಲ್ಲ. ಆಕಳನ್ನು ಹುಲುಗಪ್ಪನ ಬೇವಿನ ಮರಕ್ಕೆ ಕಟ್ಟಿದ. ಹೊರೆ ಬಿಚ್ಚಿ, ಅರ್ಧ ಪಕ್ಕಕ್ಕಿಟ್ಟು, ಇನ್ನರ್ಧವನ್ನು ತನ್ನ ಆಕಳಿನ ಮುಂದೆ ಹಾಕಿದ. ಆಮೇಲೆ ಮರದ ಬುಡಕ್ಕೆ ಕುಕ್ಕರಗಾಲಲ್ಲಿ ಕೂತ.

ಆಕಳು ತಿನ್ನತೊಡಗಿತು. ಹುಲುಗಪ್ಪ ಕಟ್ಟೆಯ ಮೇಲೆ, ಶರಣಪ್ಪ ಮರದ ಕೆಳಗೆ, ನಡುವೆ ನಾನು. ಮಧ್ಯಾಹ್ನದ ಬಿಸಿಲು. ಆಕಳು ಮೆಲ್ಲುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ತಿಂದು ಮುಗಿಸಿ ಅದು ಮಲಗಿ ಮೆಲುಕು ಹಾಕತೊಡಗಿತು. ಶರಣಪ್ಪ ಏಳಲಿಲ್ಲ. ನೆರಳು ಸರಿದಂತೆ ತಾನೂ ಸ್ವಲ್ಪ ಸರಿದು ಕೂತ. ನನಗೆ ಬೇರೆ ಊರಿನ ಕರೆಯಿತ್ತು, ಆದರೂ ಏಳಲು ಮನಸ್ಸಾಗಲಿಲ್ಲ. ಹುಲ್ಲಿನಲ್ಲಿ ದೋಷವಿಲ್ಲವೆಂದು ನಾನು ಪರೀಕ್ಷೆ ಮಾಡಿ ತೋರಿಸಬಹುದಿತ್ತು. ಆದರೆ ಹುಲುಗಪ್ಪ ಅಲ್ಲಿ ಹುಲ್ಲನ್ನಷ್ಟೇ ಪರೀಕ್ಷಿಸುತ್ತಿರಲಿಲ್ಲ.

ಬಹಳ ಹೊತ್ತಿನ ಮೇಲೆ ಆಕಳು ಎದ್ದು ಮೈ ಮುರಿಯಿತು. ಕತ್ತು ಚಾಚಿ, ಪಕ್ಕಕ್ಕಿಟ್ಟಿದ್ದ ಅರ್ಧ ಹೊರೆಗೂ ಬಾಯಿ ಹಾಕಿತು. ಶರಣಪ್ಪ ತಡೆಯಲು ಹೋಗಲಿಲ್ಲ. ತಲೆ ತಗ್ಗಿಸಿಕೊಂಡೇ, "ಕಾಕಾ, ಆವತ್ತು..." ಎಂದ.

ಹುಲುಗಪ್ಪ ಕಟ್ಟೆಯಿಂದ ಇಳಿದು ಬಂದ. ಆಕಳಿನ ಮೂತಿಯನ್ನು ಮೆಲ್ಲಗೆ ಆ ಕಡೆ ತಳ್ಳಿ, ಉಳಿದ ಹುಲ್ಲನ್ನು ಎರಡೂ ತೋಳಲ್ಲಿ ಬಾಚಿಕೊಂಡ.

"ಸಾಕು ತಗೊಂಡು ಹೋಗೋ ನಿನ್ನ ಆಕಳ" ಎಂದ. "ಎಲ್ಲಾ ಇದ ತಿಂದ್ರ ನನ್ನ ಎಮ್ಮಿಗೇನು ಹಾಕ್ಲಿ?"